ಬರಮಾಡಿಕೊಳ್ಳಬೇಕಾದವಳು

ನ್ಯೂಯಾರ್ಕಿನ ಹತ್ತಿರದ ಹ್ಯಾರಿಸನ್ ಎಂಬ ಊರಿನ ನಮ್ಮ ಹಳೆಯ ಮನೆಯ ಒಳಗಡೆ ಹದಿನೇಳು ಮೆಟ್ಟಿಲುಗಳಿದ್ದವು. ಇದು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ ನನ್ನ ಜಾಣತನವಲ್ಲ, ಪುಕ್ಕಲುತನ. ಕೆಳಗಿನ ಮನೆಯಲ್ಲಿ ಯಾಯಾ ಇದ್ದಳು. ಮೇಲಿನ ಮನೆಯಲ್ಲಿ ಅಮ್ಮ, ಬಾಬಾ ಮತ್ತು ನಾನು. ಬಾಬಾ ಗ್ರೀಸ್ ದೇಶದವನು. ಅವರ ಭಾಷೆಯಲ್ಲಿ ಅಪ್ಪನಿಗೆ ಬಾಬಾ ಎನ್ನುತ್ತಾರೆ, ಅಜ್ಜಿಗೆ ಯಾಯಾ. ಅಪ್ಪನನ್ನು ನಾನು ಹೀಗೆ ಏಕವಚನದಲ್ಲಿ ಕರೆಯುವುದು ಮೈಸೂರಿನ ಅಮ್ಮನಿಗೆ ಹಿಡಿಸುತ್ತಿರಲಿಲ್ಲ. ಆದರೆ ಬಹುವಚನ ಹಚ್ಚಿದರೆ ಬಾಬಾ ತನ್ನ ಹಿಂದೆ ಇನ್ಯಾರೋ ನಿಂತಿದ್ದಾರೆಂದು ತಿರುಗಿ ನೋಡುತ್ತಿದ್ದ. ಮೆಟ್ಟಿಲುಗಳಿಗೆಲ್ಲ ಸೇರಿ ಒಂದೇ ಬಲ್ಬು, ಅದರ ಸ್ವಿಚ್ಚು ಕೆಳಗೆ ಯಾಯಾಳ ಬಾಗಿಲ ಪಕ್ಕ. ಹಗಲಿನಲ್ಲೂ ಅಲ್ಲಿ ಮಬ್ಬು. ನಾನು ಗೋಡೆಗೆ ಕೈ ಹಚ್ಚಿ, ಎಣಿಸುತ್ತಾ, ಉಸಿರು ಬಿಗಿಹಿಡಿದು ಇಳಿಯುತ್ತಿದ್ದೆ. ಬೇಸ್‌ಮೆಂಟಿನ ಬಾಯ್ಲರ್ ಗುರುಗುಟ್ಟಿದರೆ ಹೆದರಿಕೆ, ರೈಲು ಹೋಗುವಾಗ ಲೋಟಗಳು ಅಲುಗಿದರೆ ಹೆದರಿಕೆ, ಪಕ್ಕದ ಮನೆಯ ನಾಯಿ ಸುಮ್ಮನೆ ಮಲಗಿದ್ದರೂ ಹೆದರಿಕೆ. ಈಗ ಅದೇ ಊರಿನಲ್ಲಿ, ನ್ಯೂಯಾರ್ಕಿಗೆ ಕಮ್ಯೂಟ್ ಮಾಡುವವರಿಗಾಗಿ ಕಟ್ಟಿದ ಹೊಸ ಅಪಾರ್ಟ್‌ಮೆಂಟಿನ ಆರನೆಯ ಮಹಡಿಯಲ್ಲಿದ್ದೇನೆ. ಲಿಫ್ಟ್ ಇದೆ, ಎಣಿಸಲು ಮೆಟ್ಟಿಲುಗಳಿಲ್ಲ. ಬಾಗಿಲಿಗೆ ಒಳಗಿನಿಂದ ಹಾಕುವ ಚೈನು ಮಾತ್ರ ಇದೆ. ಇಷ್ಟು ಹೆದರುವವಳು ಅದನ್ನು ಒಂದು ದಿನವೂ ಹಾಕದಿರುವುದು ನನ್ನ ಗಂಡನಿಗೆ ಇವತ್ತಿಗೂ ಸೋಜಿಗ. ಅವನು ಕಾರಣ ಕೇಳಿದಾಗಲೆಲ್ಲ ಮಾತು ಮರೆಸಿದ್ದೇನೆ.

ಅಮ್ಮ ನ್ಯೂಅರ್ಕಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಬಾಬಾ ಹೆದ್ದಾರಿಯ ಪಕ್ಕದ ಡೈನರ್ ಒಂದರಲ್ಲಿ ಅಡುಗೆಯವನು. ಕೆಲಸ ಮುಗಿಸಿ ಅಲ್ಲಿಗೆ ಬಂದ ಅಮ್ಮ ಮೊಟ್ಟೆ ಬೇಡ, ಬರೀ ಟೋಸ್ಟ್ ಸಾಕು ಎಂದಳಂತೆ. ಅವನು ಜೊತೆಗೆ ಟೊಮೇಟೊ, ಈರುಳ್ಳಿ ಹುರಿದು ತಂದಿಟ್ಟನಂತೆ. ಅವರ ಪ್ರೇಮಕಥೆ ಎಂದು ನನಗೆ ಗೊತ್ತಿರುವುದು ಇಷ್ಟೇ. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಎರಡು ಅಡುಗೆಮನೆಗಳ ಜಗಳವಾಗಿ ಬೆಳೆದಿತ್ತು. ಅಮ್ಮನ ಒಗ್ಗರಣೆಯ ಘಾಟು ಮೆಟ್ಟಿಲಿಳಿದು ಹೋದರೆ ಯಾಯಾ ಕೆಮ್ಮಿ ಕೆಮ್ಮಿ ಕಿಟಕಿ ತೆಗೆಯುತ್ತಿದ್ದಳು. ಯಾಯಾಳ ಕುರಿಮಾಂಸದ ವಾಸನೆ ಮೇಲೆ ಬಂದರೆ ಅಮ್ಮ ಎರಡೆರಡು ಊದುಬತ್ತಿ ಹಚ್ಚುತ್ತಿದ್ದಳು. ನನಗೆ ಜ್ವರ ಬಂದರೆ ಮಾತ್ರ ಇಬ್ಬರೂ ಒಂದೇ ಮಂಚದ ಪಕ್ಕ ನಿಲ್ಲುತ್ತಿದ್ದರು. ಅಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸುವಳು. ಅದು ಮುಗಿಯುವುದನ್ನೇ ಕಾದು ಯಾಯಾ ಬಟ್ಟಲಿನ ನೀರಿಗೆ ಎಣ್ಣೆಯ ಹನಿ ಬಿಟ್ಟು, ಗಾಳಿಯಲ್ಲಿ ಮೂರು ಸಲ ಉಗುಳಿ ತನ್ನ ರೀತಿಯಲ್ಲಿ ದೃಷ್ಟಿ ತೆಗೆಯುವಳು. ಅಮ್ಮ ಅವಳನ್ನು ಕರೆಯುತ್ತಿದ್ದದ್ದು ಅತ್ತೆ ಎಂದೇ. ಯಾಯಾ ಕಲಿತ ಕನ್ನಡ ಒಂದೇ ಪದ, ಸಾಕು. ತಟ್ಟೆಗೆ ಅನ್ನ ಬೀಳುವಾಗ ಕೈ ಅಡ್ಡ ಹಿಡಿದು ಹೇಳುತ್ತಿದ್ದಳು. ಬಾಬಾನಿಗೆ ಹತ್ತು ಹನ್ನೆರಡು ಪದ ಬರುತ್ತಿದ್ದವು. ಬಾ, ಹೋಗು, ಬೇಡ, ಊಟ, ಪುಟ್ಟಿ. ಪುಟ್ಟಿ ಎನ್ನಲು ಅವನ ನಾಲಿಗೆ ಮಡಚುತ್ತಿರಲಿಲ್ಲ, ಪೂತಿ ಎನ್ನುತ್ತಿದ್ದ.

ಯಾಯಾಳ ಮಂಚದ ಮೇಲುಗಡೆ ಅವರ ಊರಿನ ಫೋಟೋ ಇತ್ತು. ಗ್ರೀಸ್ ಎಂದರೆ ನೀಲಿ ಸಮುದ್ರ, ಬಿಳಿ ಗೋಡೆ ಎಂದು ನನ್ನ ಕ್ಲಾಸಿನವರು ತಿಳಿದಿದ್ದರು. ಈ ಫೋಟೋದಲ್ಲಿ ಸಮುದ್ರವೇ ಇರಲಿಲ್ಲ. ಒಂದರ ಹಿಂದೊಂದು ಕಪ್ಪು ಬೆಟ್ಟ, ಫರ್ ಮರಗಳು, ಅವುಗಳ ನಡುವೆ ಕಲ್ಲುಚಪ್ಪಡಿ ಹೊದಿಸಿದ ನಾಲ್ಕು ಮಾಡುಗಳು. ಎವ್ರಿಟಾನಿಯಾ ಎಂಬ ಆ ಜಿಲ್ಲೆಯಲ್ಲಿ ಒಂದು ಊರಿನಿಂದ ಇನ್ನೊಂದು ಊರಿಗೆ ಅರ್ಧ ದಿನ ನಡೆದರೂ ಒಬ್ಬ ಮನುಷ್ಯ ಎದುರಾಗದೆ ಇರಬಹುದು ಎಂದು ಬಾಬಾ ಹೇಳುತ್ತಿದ್ದ. ಅವನಿಗೆ ಅದು ನಗುವ ವಿಷಯ. ನಮ್ಮ ಸ್ಕೂಲಿನಲ್ಲಿ ನಾನೇ ಫಸ್ಟು, ನಾನೇ ಲಾಸ್ಟು, ಯಾಕೆಂದರೆ ಇದ್ದವನೇ ನಾನೊಬ್ಬ ಎನ್ನುತ್ತಿದ್ದ. ಯಾಯಾ ಅದೇ ಊರನ್ನು ಬೇರೆ ಥರ ಹೇಳುತ್ತಿದ್ದಳು. ಯುದ್ಧದಲ್ಲಿ ಸುಟ್ಟ ಮನೆಗಳು, ಹಿಮ ಬಿದ್ದ ಮೇಲೆ ಬಾಗಿಲವರೆಗೆ ಬರುವ ತೋಳಗಳು, ಕಮರಿಗೆ ಬಿದ್ದು ಮೂರು ದಿನ ಕೂಗಿದ ಹೇಸರಗತ್ತೆ. ಹೊಲಿಗೆ ಹಾಕುತ್ತಾ, ದನಿ ಏರಿಸದೆ ಹೇಳುವಳು. ಕೇಳಿದ ಮೇಲೆ ಹದಿನೇಳು ಮೆಟ್ಟಿಲು ಹತ್ತಿ ಮನೆ ಸೇರಬೇಕಾದವಳು ನಾನು. ಆ ಊರಿಗೆ ನಾನು ಎಂದೂ ಹೋಗುವುದಿಲ್ಲ ಎಂದು ನನ್ನಷ್ಟಕ್ಕೆ ತೀರ್ಮಾನಿಸಿಬಿಟ್ಟಿದ್ದೆ.

ನನಗೆ ಆರು ವರ್ಷ ತುಂಬಿದ ಬೇಸಿಗೆಯ ಒಂದು ಭಾನುವಾರ ಬೀಚಿಗೆ ಕರೆದುಕೊಂಡು ಹೋಗುತ್ತೇನೆಂದು ಬಾಬಾ ಮಾತು ಕೊಟ್ಟಿದ್ದ. ಬೆಳಿಗ್ಗೆ ಏಳಕ್ಕೆ ಡೈನರಿನಿಂದ ಫೋನ್ ಬಂತು. ಇನ್ನೊಬ್ಬ ಅಡುಗೆಯವನು ಬಂದಿರಲಿಲ್ಲ. ಬಾಬಾ ಅಂಗಿ ಬದಲಿಸಿದ. ನಾನು ಆಗಲೇ ಈಜುವ ಉಡುಪು ಹಾಕಿ, ಪ್ಲಾಸ್ಟಿಕ್ ಬಕೆಟ್ಟು ಹಿಡಿದು ನಿಂತಿದ್ದೆ. ಅವನು ಬಗ್ಗಿ ಏನೋ ಹೇಳಲು ಬಂದಾಗ ನಾನು ಹೇಳಿದ್ದು ಇದು:

“ಹೋಗು. ಮನೆಗೆ ಬರ್ಲೇಬೇಡ.”

ಇಂಗ್ಲಿಷಿನಲ್ಲಿ ಹೇಳಬಹುದಿತ್ತು. ಅವನಿಗೆ ಬರುತ್ತಿದ್ದ ಆ ಹತ್ತು ಪದಗಳನ್ನೇ ಆರಿಸಿಕೊಂಡಂತೆ ಕನ್ನಡದಲ್ಲಿ ಹೇಳಿದೆ. ಅವನು ಹೋದ ಮೇಲೆ ಸ್ಟೂಲ್ ಎಳೆದು, ಹತ್ತಿ, ಬಾಗಿಲಿಗೆ ಚೈನು ಹಾಕಿದೆ. ಅಮ್ಮ ಸ್ನಾನದಲ್ಲಿದ್ದಳು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು, ಬೀಗದಲ್ಲಿ ಕೀ ತಿರುಗಿತು. ಬಾಗಿಲು ಎರಡು ಬೆರಳಿನಷ್ಟು ತೆರೆದು, ಚೈನು ಬಿಗಿದು, ನಿಂತಿತು. ಆ ಸಂದಿಯಲ್ಲಿ ಬಾಬಾನ ಬೆರಳುಗಳು ಕಂಡವು. ಪೂತಿ, ಎಂದ. ನಾನು ನಡುಮನೆಯಲ್ಲಿ ಬಕೆಟ್ಟು ಹಿಡಿದು ನಿಂತಿದ್ದೆ, ಅಲುಗಲಿಲ್ಲ. ಪೂತಿ, ಎಂದು ಇನ್ನೊಂದು ಸಲ ಕರೆದ. ಆಮೇಲೆ ಬೆರಳುಗಳು ಹೋದವು, ಬಾಗಿಲು ಮುಚ್ಚಿಕೊಂಡಿತು. ಅವನು ಮಧ್ಯಾಹ್ನ ಡೈನರಿನ ಒಲೆಯ ಮುಂದೆಯೇ ಕುಸಿದು ಸತ್ತ. ಹೃದಯಾಘಾತ. ಸುದ್ದಿ ತಂದವರು ಬಾಗಿಲು ತಟ್ಟಿದಾಗ ಅಮ್ಮ ಬಂದು ಚೈನು ತೆಗೆದಳು. ಅದನ್ನು ಹಾಕಿದವರು ಯಾರು ಎಂದು ಆ ದಿನ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮುಂದಿನ ಎರಡು ದಿನ ಅಮ್ಮ ಮತ್ತು ಯಾಯಾ ಕೆಳಗಿನ ಅಡುಗೆಮನೆಯಲ್ಲಿ ಹರುಕು ಮುರುಕು ಇಂಗ್ಲಿಷಿನಲ್ಲಿ ಜಗಳವಾಡಿದರು. ಅಮ್ಮನ ಕಡೆ ಸುಡುತ್ತಾರೆ, ಮೂರನೆಯ ದಿನಕ್ಕೆ ಅಸ್ಥಿ ಕೈಗೆ ಬರುತ್ತದೆ, ಹೊಳೆಗೆ ಬಿಟ್ಟರೆ ಮುಗಿಯಿತು. ಸುಡುವ ಮಾತೆತ್ತಿದರೆ ಯಾಯಾ ಎದೆ ಬಡಿದುಕೊಳ್ಳುತ್ತಿದ್ದಳು. ಅವಳ ಮಗ ಬೆಟ್ಟದ ಮಣ್ಣಿಗೇ ಹೋಗಬೇಕು, ಅವನಪ್ಪನ ಪಕ್ಕ. ಕೊನೆಗೆ ಸೋತವಳು ಅಮ್ಮ. ಸೋತ ಮೇಲೆ ಎಲ್ಲವನ್ನೂ ತಾನೇ ಅಚ್ಚುಕಟ್ಟಾಗಿ ಮಾಡಿದಳು. ಶವಸಂಸ್ಕಾರದ ಕಚೇರಿಯವರು ವಿಮಾನದಲ್ಲಿ ಕಳಿಸಬೇಕಾದರೆ ದೇಹಕ್ಕೆ ಔಷಧಿ ತುಂಬಬೇಕು ಎಂದಾಗ, ಇರುವುದರಲ್ಲೇ ಚೆನ್ನಾಗಿರುವುದನ್ನು ಮಾಡಿ, ಊರಿನವರು ನೋಡುವಾಗ ನಿದ್ದೆ ಮಾಡಿದ ಹಾಗೆ ಕಾಣಬೇಕು ಎಂದು ಹೇಳಿ ಸೈನ್ ಮಾಡಿದಳು. ಅವರಿಬ್ಬರೂ ಹೆಣದ ಜೊತೆ ಗ್ರೀಸಿಗೆ ಹೋದರು. ನನ್ನನ್ನು ಬ್ರಿಡ್ಜ್‌ವಾಟರ್‌ನಲ್ಲಿದ್ದ ಅಮ್ಮನ ಗೆಳತಿ ಪದ್ಮಾ ಆಂಟಿಯ ಮನೆಯಲ್ಲಿ ಬಿಟ್ಟಿದ್ದರು. ಆಂಟಿ ದಿನವೂ ನನ್ನನ್ನು ಕಾರಿನಲ್ಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಅಪ್ಪನಿಗೆ ಒಳ್ಳೇದಾಗ್ಲಿ ಅಂತ ಕೇಳ್ಕೋ ಪುಟ್ಟಿ ಎನ್ನುತ್ತಿದ್ದರು. ನಾನು ಕಣ್ಣು ಮುಚ್ಚಿ, ಚೈನಿನ ವಿಷಯ ದೇವರು ಯಾರಿಗೂ ಹೇಳದಿರಲಿ ಎಂದು ಕೇಳಿಕೊಳ್ಳುತ್ತಿದ್ದೆ.

ಅಲ್ಲಿಗೆ ಮುಗಿದಿದ್ದರೆ ನಾನು ಮರೆಯುತ್ತಿದ್ದೆನೋ ಏನೋ. ಆದರೆ ಯಾಯಾಳ ಊರಿನಲ್ಲಿ ಹೂಳುವುದು ಅರ್ಧ ಕೆಲಸ ಮಾತ್ರ. ನಾಲ್ಕೈದು ವರ್ಷಕ್ಕೆ ಗೋರಿ ಅಗೆದು ಮೂಳೆಗಳನ್ನು ಹೊರಗೆ ತೆಗೆಯುತ್ತಾರೆ, ವೈನಿನಲ್ಲಿ ತೊಳೆಯುತ್ತಾರೆ, ಪೆಟ್ಟಿಗೆಯಲ್ಲಿಟ್ಟು ಚರ್ಚಿನ ಪಕ್ಕದ ಕೋಣೆಗೆ ಸೇರಿಸುತ್ತಾರೆ. ಮೂಳೆ ಹಳದಿಯಾಗಿ, ಶುಭ್ರವಾಗಿ ಬಂದರೆ ಸತ್ತವನಿಗೆ ನೆಮ್ಮದಿ ಸಿಕ್ಕಿದೆ ಎಂದು ಲೆಕ್ಕ. ದೇಹ ಕರಗದೆ ಉಳಿದಿದ್ದರೆ ಅವನ ಮೇಲೆ ಯಾರದೋ ಕೆಟ್ಟ ಮಾತು ಇದೆ, ಅದಕ್ಕೇ ಮಣ್ಣು ಅವನನ್ನು ಒಪ್ಪಿಕೊಂಡಿಲ್ಲ. ಇದನ್ನು ಯಾಯಾ ಹೇಳಿದ್ದು ಹುರುಳಿಕಾಯಿ ನಾರು ತೆಗೆಯುತ್ತಾ. ಅವಳು ಆಡಿದ್ದು ಗ್ರೀಕ್. ಬರೆಯುವಾಗ ಅದು ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

“ತಲೆಬುರುಡೆ ಮಣ್ಣಿಂದ ಹೊರಗೆ ಬಂದಾಗ ಅವನಿಗೆ ಯಾರು ಹೆಚ್ಚು ಬೇಕಾದೋರೋ ಅವರು ಮೊದಲು ಮಾತಾಡಿಸ್ಬೇಕು. ಕಲೋಸ್ ಈರ್ಥೆಸ್, ಚೆನ್ನಾಗಿ ಬಂದೆ ಅನ್ಬೇಕು. ನೀನು ಅನ್ಬೇಕು.”

“ನೀನೇ ಹೇಳು ಯಾಯಾ.”

“ನಾನು ಬರೀ ಹೆತ್ತೋಳು. ಅವನು ಸಾಯಂಕಾಲ ಬಂದು ಮೊದಲು ಕೇಳ್ತಿದ್ದಿದ್ದು ನಿನ್ನ.”

ಬರಲೇಬೇಡ ಎಂದವಳು ಚೆನ್ನಾಗಿ ಬಂದೆ ಎನ್ನಬೇಕು. ನಾಲ್ಕು ವರ್ಷ ನಾನು ಈ ಯೋಚನೆಯ ಜೊತೆ ಊಟ ಮಾಡಿದೆ, ಸ್ಕೂಲಿಗೆ ಹೋದೆ, ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಕಲಿಸಿದ ಕಾಗುಣಿತ ಬರೆದೆ. ಬಾಬಾ ಮಣ್ಣಿನಲ್ಲಿ ಕರಗದೆ ಮಲಗಿದ್ದಾನೆ, ನನ್ನ ಮಾತು ಅವನನ್ನು ಹಿಡಿದುಕೊಂಡಿದೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಮ್ಮನಿಗೆ ಹೇಳೋಣವೆಂದು ಎಷ್ಟೋ ಸಲ ಹತ್ತಿರ ಹೋಗಿದ್ದೇನೆ. ಏನೇ ಎಂದು ಅವಳು ಕೇಳುವಳು, ಹಸಿವು ಎನ್ನುವೆ, ದೋಸೆ ಹುಯ್ದು ಕೊಡುವಳು. ಆ ವರ್ಷಗಳಲ್ಲಿ ನಾನು ದಪ್ಪಗಾದೆ.

ನನಗೆ ಹತ್ತು ವರ್ಷವಾದಾಗ ಮೂವರೂ ಹೊರಟೆವು. ಬೇಡವೆಂದು ಅತ್ತು ಕರೆದೆ, ಹೊಟ್ಟೆನೋವೆಂದೆ, ಯಾವುದೂ ನಡೆಯಲಿಲ್ಲ. ವಿಮಾನ ಇಳಿದ ಮೇಲೆ ಬಸ್ಸು, ಬಸ್ಸು ಇಳಿದ ಮೇಲೆ ಯಾಯಾಳ ದೂರದ ನೆಂಟನೊಬ್ಬನ ಪಿಕಪ್. ಬೆಟ್ಟದ ರಸ್ತೆಗೆ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ತಡೆಗೋಡೆ ಇರಬೇಕಾದ ಕಡೆಗಳಲ್ಲಿ ಚರ್ಚಿನ ಆಕಾರದ ಪುಟ್ಟ ಪುಟ್ಟ ತಗಡಿನ ಗೂಡುಗಳು ಕಂಬದ ಮೇಲೆ ನಿಂತಿದ್ದವು, ಒಳಗೆ ಎಣ್ಣೆಯ ದೀಪ. ಚೆನ್ನಾಗಿವೆ ಎಂದೆ. ಅವು ಗಾಡಿ ಉರುಳಿ ಬಿದ್ದ ಜಾಗಗಳ ಗುರುತು ಎಂದು ಯಾಯಾ ಹೇಳಿದಳು. ಆಮೇಲೆ ನಾನು ಕಣ್ಣು ಬಿಡಲಿಲ್ಲ. ಅಮ್ಮ ನನ್ನ ಕೈ ಹಿಡಿದಿದ್ದಳು. ಅವಳ ಕೈಯೇ ಬೆವೆತಿತ್ತು. ದಾರಿಯಲ್ಲಿ ಎರಡು ಊರು ದಾಟಿದೆವಂತೆ, ಮನುಷ್ಯರ ದನಿ ಕೇಳಲಿಲ್ಲ. ಒಂದು ಕಡೆ ಗಾಡಿ ನಿಲ್ಲಿಸಿದಾಗ ಕಣ್ಣು ಬಿಟ್ಟರೆ ಬಾಗಿಲಿಲ್ಲದ ಮನೆ, ಮಾಡಿನಿಂದ ಹೊರಗೆ ಬಂದ ಅಂಜೂರದ ಮರ, ಮೇಕೆಗಳ ಗಂಟೆ. ಮೇಕೆಗಳು ಎಲ್ಲಿವೆ ಎಂದು ಎಷ್ಟು ಹುಡುಕಿದರೂ ಕಾಣಲಿಲ್ಲ.

ನಮ್ಮ ಊರಿನಲ್ಲಿ ಹೊಗೆ ಏಳುತ್ತಿದ್ದದ್ದು ಹನ್ನೊಂದು ಮನೆಗಳಿಂದ. ಉಳಿದವು ಬೀಗ ಹಾಕಿದವು ಅಥವಾ ಬಿದ್ದವು. ಬಾಬಾ ಹುಟ್ಟಿದ ಮನೆಯ ಕೆಳಭಾಗ ದನ ಕಟ್ಟುವ ಕತ್ತಲೆ ಕೋಣೆ, ಮೇಲಕ್ಕೆ ಕಲ್ಲಿನ ಮೆಟ್ಟಿಲು. ಹೋದ ತಕ್ಷಣ ಎಣಿಸಿದೆ, ಹದಿನಾಲ್ಕು. ಮೇಲೆ ಒಂದೇ ದೊಡ್ಡ ಕೋಣೆ, ಮೂಲೆಯಲ್ಲಿ ಒಲೆ, ಗೋಡೆಗೆ ಸೇರಿಸಿದ ಹಲಗೆ ಮಂಚ, ಅದರ ಮೇಲೆ ಕೆಂಪು ಉಣ್ಣೆಯ ಕಂಬಳಿ. ಅದು ಎಷ್ಟು ಭಾರವೆಂದರೆ ಹೊದ್ದ ಮೇಲೆ ಮಗ್ಗುಲು ಬದಲಿಸಲಾಗದು. ಬೆಳಿಗ್ಗೆ ಹುಳಿ ನುಚ್ಚಿನ ಗಂಜಿ, ಮಧ್ಯಾಹ್ನ ಕಾಡುಸೊಪ್ಪು ತುಂಬಿ ಸುಟ್ಟ ಅಗಲವಾದ ರೊಟ್ಟಿ. ಅಮ್ಮನಿಗೆ ಆ ಸೊಪ್ಪು ಬಹಳ ಹಿಡಿಸಿತು, ಬೆರಕೆ ಸೊಪ್ಪಿನ ಹಾಗಿದೆ ಎಂದು ಎರಡು ಸಲ ಹಾಕಿಸಿಕೊಂಡಳು. ನನಗೆ ಇಳಿಯುತ್ತಿರಲಿಲ್ಲ. ಕಿಟಕಿಯಿಂದ ಸ್ಮಶಾನ ಕಾಣುತ್ತಿತ್ತು, ನಾಲ್ಕು ಸೈಪ್ರೆಸ್ ಮರ, ಬಿಳಿ ಗೋಡೆ. ಯಾಯಾ ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬರುವಳು. ಬಂದು ನನ್ನ ಬಾಯಲ್ಲಿ ಆ ಎರಡು ಪದ ಹೇಳಿಸುವಳು. ಉಚ್ಚಾರ ಸರಿಯಿದೆ, ದನಿ ಸಾಲದು ಎನ್ನುವಳು.

ಮೂರನೆಯ ದಿನ ಬೆಳಿಗ್ಗೆ ಅಗೆದರು. ಅಗೆಯುವವರು ಅಲ್ಲಿ ಹೆಂಗಸರು. ಸ್ಟಾಮಾತಾ ಎಂಬ ಅರವತ್ತು ದಾಟಿದ, ತೋಳು ದಪ್ಪಗಿನ ಹೆಂಗಸು ಗುದ್ದಲಿ ಹಿಡಿದಿದ್ದಳು. ಊರಿಗೆ ಊರೇ ಬಂದಿತ್ತು, ಎಂದರೆ ಇಪ್ಪತ್ತು ಜನ. ಪಾದ್ರಿ ಕೊನೆಯಲ್ಲಿ ಬರುತ್ತಾರೆಂದು ಹೇಳಿದರು. ನಾನು ಯಾಯಾಳ ಕಪ್ಪು ಲಂಗದ ಪಕ್ಕ, ಹಳ್ಳದಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅಮ್ಮ ವೈನಿನ ಸೀಸೆ, ಹೊಸ ಟವೆಲ್ ಹಿಡಿದಿದ್ದಳು. ಮಣ್ಣು ಹೊರಗೆ ಬೀಳುವ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಗುದ್ದಲಿ ಮರಕ್ಕೆ ತಾಗಿತು. ಸ್ಟಾಮಾತಾ ಕೈಯಿಂದ ಮಣ್ಣು ಬಳಿದು, ಹಲಗೆ ಎತ್ತಿ, ಬಗ್ಗಿ ನೋಡಿದಳು. ನೋಡಿದವಳು ಹಲಗೆಯನ್ನು ಮೆಲ್ಲಗೆ ಕೆಳಗಿಟ್ಟು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ನನಗೆ ಕಂಡದ್ದು ಅವಳ ಮುಖ ಮಾತ್ರ. ಅಷ್ಟೇ ಸಾಕಾಯಿತು. ಯಾಯಾಳ ಲಂಗ ಹಿಡಿದುಕೊಂಡೆ.

“ಕರಗಿಲ್ಲ,” ಎಂದಳು ಸ್ಟಾಮಾತಾ. “ಹೋದ ವಾರ ಇಟ್ಟ ಹಾಗೆ ಇದಾನೆ. ಯಾರದೋ ಮಾತು ಇದೆ ಇವನ ಮೇಲೆ.”

ಹೆಂಗಸರಲ್ಲಿ ಗುಸುಗುಸು ಎದ್ದಿತು. ಒಬ್ಬೊಬ್ಬರಾಗಿ ಅಮ್ಮನ ಕಡೆ ತಿರುಗಿದರು. ಪರದೇಶದವಳು, ಅವರ ಧರ್ಮಕ್ಕೆ ಸೇರದವಳು, ಅವನನ್ನು ಸುಡಬೇಕೆಂದು ಕೇಳಿದವಳು. ಆಗ ಯಾಯಾ ಅಂಗೈ ಎತ್ತಿದಳು, ತಟ್ಟೆಯ ಮೇಲೆ ಅಡ್ಡ ಹಿಡಿಯುವ ಹಾಗೆ.

“ಸಾಕು,” ಎಂದಳು.

ಅದು ಯಾವ ಭಾಷೆಯೆಂದು ಅವರಿಗೆ ತಿಳಿಯಲಿಲ್ಲ, ಆದರೂ ಸುಮ್ಮನಾದರು. ಅಮ್ಮನಿಗೆ ಗ್ರೀಕ್ ಬಾರದಿದ್ದರೂ ಆಗಿದ್ದೇನೆಂದು ಅರ್ಥವಾಗಿತ್ತು. ಸೀಸೆಯನ್ನು ಗೋಡೆಯ ಮೇಲಿಟ್ಟು ನನ್ನನ್ನು ಕರೆದಳು.

“ಪುಟ್ಟಿ, ಇವರಿಗೆ ಹೇಳು. ಅಲ್ಲಿ ಫ್ಲೈಟಿಗೆ ಹಾಕೋಕೆ ಮುಂಚೆ ಬಾಡಿ ಕೆಡಬಾರ್ದು ಅಂತ ಔಷಧಿ ತುಂಬಿದಾರೆ. ಚೆನ್ನಾಗಿ ತುಂಬಿ ಅಂದಿದ್ದು ನಾನು. ಸೈನ್ ಮಾಡಿದ್ದು ನಾನು. ಹಿಂಗಾಗುತ್ತೆ ಅಂತ ನಂಗೆ ಹೊಳೀಲಿಲ್ಲ. ತಪ್ಪು ನಂದು ಅಂತ ಹೇಳು.”

ನಾನು ಗ್ರೀಕಿನಲ್ಲಿ ಒಂದೂ ಬಿಡದೆ ಹೇಳಿದೆ. ದನಿ ಸಾಲದು ಎಂದು ಯಾಯಾ ಬೈಯುವಂತಿರಲಿಲ್ಲ, ಸ್ಪಷ್ಟವಾಗಿ ಹೇಳಿದೆ. ತಪ್ಪು ಅವಳದು ಎಂದು ಕೊನೆಯಲ್ಲಿ ಬೆರಳು ತೋರಿಸಿದೆ ಕೂಡ. ಹೇಳುವಾಗ ನನಗೆ ಆದದ್ದು ಸಮಾಧಾನ. ಬೇರೆ ಯಾರೋ ಒಪ್ಪಿಕೊಂಡರಲ್ಲ, ನಾನು ಬಚಾವಾದೆನಲ್ಲ ಎಂಬ ಸಮಾಧಾನ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಸ್ಟಾಮಾತಾ ಔಷಧಿಯ ಮಾತು ನಂಬಿದಳೋ ಇಲ್ಲವೋ, ಹಲಗೆ ಮುಚ್ಚಿ ಮಣ್ಣು ಎಳೆದಳು. ಇನ್ನು ಏಳು ವರ್ಷ ಮುಟ್ಟಬೇಡಿ ಎಂದಳು.

ಆ ದಿನಕ್ಕೆಂದು ಅಮ್ಮ ಮತ್ತು ಯಾಯಾ ಹಿಂದಿನ ದಿನವೇ ಗೋಧಿ ಬೇಯಿಸಿದ್ದರು. ಸಕ್ಕರೆ, ದಾಳಿಂಬೆ, ವಾಲ್‌ನಟ್ ಸೇರಿಸಿ ಸತ್ತವರ ಹೆಸರಿನಲ್ಲಿ ಹಂಚುವುದು ಅಲ್ಲಿನ ಪದ್ಧತಿ. ಅಮ್ಮ ಅದನ್ನು ಗುಗ್ಗರಿ ಎಂದು ಕರೆದು, ಇದು ನಂಗೆ ಬರುತ್ತೆ ಅತ್ತೆ ಎಂದು ತಾನೇ ಕೈಯಾರೆ ಕಲಸಿದ್ದಳು. ಸ್ಮಶಾನದ ಬಾಗಿಲಲ್ಲಿ ಪಾತ್ರೆ ಹಿಡಿದು ನಿಂತಳು. ಜನ ತಲೆ ತಗ್ಗಿಸಿ ಪಕ್ಕದಿಂದ ಹಾದು ಹೋದರು. ಯಾರೂ ಕೈಯೊಡ್ಡಲಿಲ್ಲ. ಅಮ್ಮ ಅಳಲಿಲ್ಲ. ಪಾತ್ರೆ ಎತ್ತಿಕೊಂಡು ಮನೆಗೆ ಬಂದು, ಒಲೆಯ ಪಕ್ಕದಲ್ಲಿಟ್ಟು, ಅದರ ಮೇಲೆ ಮುಚ್ಚಿದ ಬಟ್ಟೆಯ ಅಂಚನ್ನು ಸರಿಮಾಡಿದಳು. ಇನ್ನೊಂದು ಸಲ ಸರಿಮಾಡಿದಳು. ಆ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ಹದಿನಾಲ್ಕು ಮೆಟ್ಟಿಲು ಎಣಿಸದೆ ಇಳಿದು ಹೋದೆ. ಯಾಯಾ ಮನೆಯ ಹಿಂದಿನ ಊಟೆಯ ಬಳಿ ಕೈಗೆ ಹತ್ತಿದ ಮಣ್ಣು ತೊಳೆಯುತ್ತಿದ್ದಳು. ನಿಂತ ಕಡೆಯೇ ಎಲ್ಲ ಹೇಳಿದೆ. ಬಕೆಟ್ಟು, ಸ್ಟೂಲು, ಚೈನು, ಬೆರಳುಗಳು, ನಾನು ಅಲುಗದೆ ನಿಂತದ್ದು. ಬರಲೇಬೇಡ ಅಂದೆ, ಅದಕ್ಕೇ ಅವನು ಬರ್ತಿಲ್ಲ ಎಂದೆ. ಯಾಯಾ ನೀರಿನಿಂದ ಕೈ ತೆಗೆದಳು.

“ನಂಗೆ ಗೊತ್ತು,” ಎಂದಳು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ.

“ಅವತ್ತು ಅವನು ಕನ್ನಡಕ ಮರೆತಿದ್ದ. ವಾಪಸ್ ಬಂದ. ನೀನು ಬಾಗಿಲು ತೆಗೀಲಿಲ್ಲ. ಸೀದಾ ನನ್ನ ಅಡುಗೆಮನೆಗೆ ಇಳ್ಕೊಂಡು ಬಂದ. ನಗ್ತಾ ಬಂದ, ಗೊತ್ತಾ. ಮೇಲೆ ಪೊಲೀಸು ಕಾವಲಿದೆ, ಒಳಗೆ ಬಿಡ್ಲಿಲ್ಲ ಅಂದ. ನಿಂತ್ಕೊಂಡೇ ಕಾಫಿ ಕುಡಿದ. ಅವರಪ್ಪನ ಹಳೇ ಕನ್ನಡಕ ಕೊಟ್ಟೆ, ಹಾಕ್ಕೊಂಡ. ಸಂಜೆ ಐಸ್‌ಕ್ರೀಮ್ ತರ್ತೀನಿ, ಆಗ ತೆಗೀತಾಳೆ ಅಂದ.”

“ನೀನು ಯಾಕೆ ಹೇಳ್ಲಿಲ್ಲ?”

“ನಿಂಗೆ ಮರೆತಿದೆ ಅಂದ್ಕೊಂಡಿದ್ದೆ. ಮರೆಯೋದಾದ್ರೆ ಮರೀಲಿ ಅಂತ.” ಆಮೇಲೆ ಲಂಗಕ್ಕೆ ಕೈ ಒರೆಸಿಕೊಳ್ಳುತ್ತಾ ಹೇಳಿದಳು: “ನಂಗೂ ಹೆದರಿಕೆ ಇತ್ತು. ಮಗು ಮಾತು ಅವನನ್ನ ಹಿಡ್ಕೊಂಡ್ರೆ ಅಂತ. ಪ್ರತಿ ಶನಿವಾರ ಅದಕ್ಕೇ ಮೇಣದಬತ್ತಿ ಹಚ್ತಿದ್ದೆ. ಅವನು ನಕ್ಕಿದ್ದು ನೋಡಿದೋಳು ನಾನು, ಆದ್ರೂ ಹೆದರ್ತಿದ್ದೆ. ಮುದುಕಿ, ಬುದ್ಧಿ ಇಲ್ಲ.”

ನಾಲ್ಕು ವರ್ಷ ನಾನು ಮೇಲಿನ ಮನೆಯಲ್ಲಿ, ಅವಳು ಕೆಳಗಿನ ಮನೆಯಲ್ಲಿ, ಒಂದೇ ಚೈನಿಗೆ ಹೆದರಿಕೊಂಡು ಕೂತಿದ್ದೆವು. ಯಾಯಾ ಮೇಲೆ ಹೋಗಿ ಗೋಧಿಯ ಪಾತ್ರೆಯನ್ನು ಸೊಂಟಕ್ಕೆ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಅಮ್ಮನ ಮಣಿಕಟ್ಟು ಹಿಡಿದು ಹೊರಟಳು. ಚಮಚ ಹಿಡಿದು ನಾನು ಹಿಂದೆ. ಹನ್ನೊಂದು ಮನೆಗೂ ಹೋದೆವು. ಒಂದರಿಂದ ಇನ್ನೊಂದಕ್ಕೆ ಏರು, ಇಳಿಜಾರು, ಕಲ್ಲು. ಪ್ರತಿ ಬಾಗಿಲಲ್ಲೂ ಯಾಯಾ ಒಂದೇ ಮಾತು ಹೇಳಿದಳು: ನನ್ನ ಸೊಸೆ ಮಾಡಿದ್ದು, ನನ್ನ ಮಗನಿಗೆ. ತಿನ್ನುವವರೆಗೆ ಕದಲಲಿಲ್ಲ. ಸ್ಟಾಮಾತಾ ತುಂಬ ಹೊತ್ತು ಬಾಗಿಲಲ್ಲೇ ನಿಂತಿದ್ದಳು. ಕೊನೆಗೆ ನನ್ನ ಕೈಯಿಂದ ಚಮಚ ತೆಗೆದುಕೊಂಡು ತಿಂದು, ಏಲಕ್ಕಿ ಹಾಕಿದೀರಾ ಎಂದು ಕೇಳಿದಳು. ಹೌದು, ಅಮ್ಮ ಹಾಕಿದ್ದಳು.

ಏಳು ವರ್ಷ ಕಳೆದು ಮತ್ತೆ ಹೋದೆವು. ಆ ವೇಳೆಗೆ ಹೊಗೆ ಏಳುವ ಮನೆಗಳು ಆರಕ್ಕೆ ಇಳಿದಿದ್ದವು. ರಸ್ತೆಯಲ್ಲಿ ಈ ಸಲವೂ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಔಷಧಿಯ ವಿಷಯ ತಿಳಿದುಕೊಳ್ಳುವಷ್ಟು ದೊಡ್ಡವಳಾಗಿದ್ದೆ, ಆದರೆ ತಿಳಿವಳಿಕೆಯಿಂದ ನನ್ನ ಹೆದರಿಕೆ ಯಾವತ್ತೂ ಕಡಿಮೆಯಾದದ್ದಿಲ್ಲ. ಯಾಯಾಳಿಗೆ ನಡೆಯಲಾಗುತ್ತಿರಲಿಲ್ಲ. ಪಿಕಪ್ಪಿನಲ್ಲಿ ಕುರ್ಚಿ ತಂದು ಅವಳನ್ನು ಸೈಪ್ರೆಸ್ ಮರದ ಕೆಳಗೆ ಕೂರಿಸಿದೆವು. ಅಗೆಯುವವಳು ಅದೇ ಸ್ಟಾಮಾತಾ, ಆದರೆ ನಾಲ್ಕು ಸಲ ಅಗೆದು ಒಂದು ಸಲ ಕೂರುತ್ತಿದ್ದಳು. ಕೊನೆಕೊನೆಗೆ ಅಮ್ಮನೇ ಸೀರೆಯ ಸೆರಗು ಸಿಕ್ಕಿಸಿ ಹಳ್ಳಕ್ಕೆ ಇಳಿದಳು. ತನ್ನ ಕಡೆ ಅಸ್ಥಿ ಆರಿಸುವುದು ಗಂಡಸರ ಕೆಲಸವೆಂದು ಅವಳನ್ನು ಯಾವಾಗಲೂ ದೂರ ಇಟ್ಟಿದ್ದರಂತೆ. ಇಲ್ಲಿ ಯಾರೂ ತಡೆಯಲಿಲ್ಲ. ಮೊದಲು ಕಾಲಿನ ಮೂಳೆಗಳು ಬಂದವು, ಹಳದಿ, ಒಣಗಿದವು. ಸ್ಟಾಮಾತಾ ದೇವರ ಹೆಸರು ಹೇಳಿದಳು. ಪಕ್ಕೆಲುಬುಗಳು ಬಂದವು, ಅಮ್ಮ ಒಂದೊಂದನ್ನೂ ವೈನಿನಲ್ಲಿ ತೊಳೆದು ಟವೆಲಿನ ಮೇಲೆ ಜೋಡಿಸಿದಳು.   ಮಣ್ಣಿನಲ್ಲಿ ಗಾಜಿನ ಚೂರೊಂದು ಮಿಂಚಿದಂತಾಯಿತು. ಅದು ಅಜ್ಜನ ಹಳೆಯ ಕನ್ನಡಕ. ಅಮ್ಮ ಅದನ್ನು ಯಾಯಾಳ ಮಡಿಲಿಗೆ ಹಾಕಿದಳು. ಆಮೇಲೆ ಎರಡೂ ಕೈಯಲ್ಲಿ ತಲೆಯನ್ನು ಎತ್ತಿ, ನನ್ನ ಕಡೆ ಚಾಚಿದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹನ್ನೊಂದು ವರ್ಷದಿಂದ ಬಾಯಿಪಾಠ ಮಾಡಿದ ಗ್ರೀಕ್ ಪದಗಳೆರಡೂ ಆ ಹೊತ್ತಿಗೆ ನಾಲಿಗೆಗೆ ಬರಲಿಲ್ಲ. ನಾನು ಕೈ ಮುಂದೆ ಮಾಡಿದೆ. ಅವನು ಇಷ್ಟು ಹಗುರವಾಗಿರುತ್ತಾನೆಂದು ನನಗೆ ಯಾರೂ ಹೇಳಿರಲಿಲ್ಲ.

“ಬಂದ್ಯಾ ಬಾಬಾ,” ಎಂದೆ. “ಬಾ. ಬಾಗಿಲು ತೆಗೆದಿದೀನಿ.”